ವಿಮಲಾ ಅಕ್ಕೋರು ಮತ್ತು ಬೇಲಿ ದಾಟಿದ ಹೂವು

ದಾರಿಬದಿಯಲ್ಲಿ ಒಂದು ಹೂವು ಕಂಡರೆ ಸಾಕು, ಅದು ಯಾರ ಮನೆಯ ತೋಟದಿಂದ ಓಡಿಬಂದದ್ದೆಂದು ವಿಮಲಾ ಅಕ್ಕೋರು ಹೇಳಿಬಿಡುತ್ತಿದ್ದರು. ಎಪ್ಪತ್ತರ ದಶಕದಲ್ಲಿ ನಾವಿಬ್ಬರೂ ಬಿಜಾಪುರದ ಜಲನಗರದಿಂದ ತಿಕೋಟಾದ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಶಿಕ್ಷಕಿಯರು. ನಾನು ಹೊಸಬಳು. ಅವರು ನನಗಿಂತ ಇಪ್ಪತ್ತು ವರ್ಷ ಹಿರಿಯರು, ವಿಜ್ಞಾನ ಕಲಿಸುತ್ತಿದ್ದರು. ರವಿವಾರ ನನ್ನನ್ನು ಇಬ್ರಾಹಿಂಪುರದ ಕಡೆ ನಡೆಸಿಕೊಂಡು ಹೋಗಿ, ರೈಲು ಹಳಿಯ ಪಕ್ಕದ ಗುಲಬಾಕ್ಷಿ ಹೂವಿನ ಗಿಡ ತೋರಿಸಿ, "ನೋಡು ಶಾರದಾ, ಈಕಿ ಆ ಹೆಂಚಿನ ಮನಿಯಾಕಿ. ಮೋರಿ ನೀರಿನ ಬೆನ್ನ ಹತ್ತಿ ಇಲ್ಲೀತನ ಬಂದಾಳ" ಅನ್ನುತ್ತಿದ್ದರು.

"ಕಾಡಿನ ಗಿಡ ಅಲ್ಲಂತ ಹೆಂಗ ಗೊತ್ತಾತ್ರಿ?" ಎಂದು ಕೇಳಿದರೆ, "ಸಾಲಾಗಿ ನಿಂತ್ರ ಯಾರೋ ನೆಟ್ಟದ್ದು. ಚೆಲ್ಲಿದಂಗ ನಿಂತ್ರ ಓಡಿ ಬಂದದ್ದು. ಬೆನ್ನ ಹತ್ತಿ ಹೋದ್ರ ತವರುಮನಿ ಸಿಕ್ಕೇ ಸಿಗತೈತಿ" ಎನ್ನುವರು. ಅವರ ಮಾತು ತಪ್ಪಿದ್ದನ್ನು ನಾನು ಕಾಣಲಿಲ್ಲ. ಅದರ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು.

ಒಂದು ಬೇಸಿಗೆ, ಶಾಲೆಯ ಹಿಂದಿನ ಹಳ್ಳದ ಕಡೆಯಿಂದ ಗದ್ದಲ ಕೇಳಿಸಿತು. ಬೀರಪ್ಪ ಎಂಬ ಕುರುಬನ ಆಡುಗಳು ಕೆಲವು ವಾರಗಳಿಂದ ತಲೆ ಅಲ್ಲಾಡಿಸುತ್ತ, ಕುಡಿದವರಂತೆ ತೂರಾಡುತ್ತ ಒಂದೊಂದಾಗಿ ಸಾಯುತ್ತಿದ್ದವು. ಅಂದು ಐದನೆಯದು ಸತ್ತಿತ್ತು. ಹಳ್ಳದ ದಂಡೆಯಲ್ಲಿ ಗಂಗವ್ವ ಎಂಬ ವಿಧವೆಯ ಹೊಲ. ಅವಳ ಬಾವಿ ಪಕ್ಕದ ಕಲ್ಲಿನ ಬಾನಿಯಲ್ಲಿ ಆಡುಗಳು ನೀರು ಕುಡಿಯುತ್ತಿದ್ದವು. ಬೆಳೆ ಮೇಯ್ದ ವಿಷಯಕ್ಕೆ ಇಬ್ಬರಿಗೂ ಹಿಂದೆ ಜಗಳವಾಗಿತ್ತು.

ನಾವು ಓಡಿಹೋದಾಗ ಇಪ್ಪತ್ತು ಮೂವತ್ತು ಜನ ಅವಳನ್ನು ಸುತ್ತುವರಿದಿದ್ದರು. ಬೀರಪ್ಪನ ಕೈಯಲ್ಲಿ ಕೊಡಲಿಯಿತ್ತು.

"ನೀರಾಗ ಏನ್ ಹಾಕೀದಿ, ಬೊಗಳಬೇ!"

"ನನ್ನ ಮಕ್ಕಳ ಆಣಿ ಮಾಡಿ ಹೇಳ್ತೀನಪಾ, ಏನೂ ಹಾಕಿಲ್ಲ. ಅದ ನೀರು ನಾನೂ ಕುಡೀತೀನಿ."

"ಹಂಗಾರ ಮಾಟ ಮಾಡೀದಿ!"

ಯಾರೋ ಅವಳ ಸೆರಗು ಜಗ್ಗಿದರು. ವಿಮಲಾ ಅಕ್ಕೋರು ಗುಂಪಿನೊಳಗೆ ನುಗ್ಗಿ ಗಂಗವ್ವನ ಮುಂದೆ ನಿಂತರು. "ಬೀರಪ್ಪ, ಜಡ್ಡಾದ ಒಂದು ಆಡು ಬಿಡು. ಅದ ಹೇಳಲಿ."

ಬಾನಿಯ ಪಕ್ಕ ಒಂದು ಹಿಡಿ ಜೋಳದ ಕಣಿಕೆ ಹಾಕಿಸಿದರು. ಬಿಟ್ಟ ಆಡು ಮೇವನ್ನೂ ಮೂಸಲಿಲ್ಲ, ನೀರನ್ನೂ ಮೂಸಲಿಲ್ಲ. ಹಿಂಗಾಲು ಎಳೆಯುತ್ತ, ಎರಡು ಸಲ ಬಿದ್ದು ಎದ್ದು, ಹಳ್ಳಕ್ಕಿಳಿಯಿತು. ಅಲ್ಲಿ ತುತ್ತೂರಿಯಂಥ ನಸುನೇರಳೆ ಹೂವಿನ ಗಿಡಗಳು ಒತ್ತಾಗಿ ಬೆಳೆದಿದ್ದವು. ಆ ಬೇಸಿಗೆಯಲ್ಲಿ ಸುತ್ತಲೂ ಹಸಿರಾಗಿದ್ದದ್ದು ಅದೊಂದೇ. ಆಡು ಆಸೆಬುರುಕನಂತೆ ಅದರ ಎಲೆಗೆ ಬಾಯಿ ಹಾಕಿತು. ಕೆಳಗಿನ ಟೊಂಗೆಗಳೆಲ್ಲ ಮೊದಲೇ ಬೋಳಾಗಿದ್ದವು.

"ಇದರ ವಿಷ ಅದು. ನೋಡ್ರಿ, ಚಟ ಹತ್ತಿ ಬ್ಯಾರೆ ಮೇವು ಮುಟ್ಟವಲ್ದು" ಎಂದರು ಅಕ್ಕೋರು.

ಬೀರಪ್ಪನ ಕೊಡಲಿ ಇಳಿಯಲಿಲ್ಲ. "ನಮ್ಮಪ್ಪನ ಕಾಲದಾಗ ಈ ಗಿಡ ಇಲ್ಲಿ ಇದ್ದಿಲ್ರಿ. ಹಚ್ಚಿದವರು ಯಾರು? ಈಕೀನ ಹಚ್ಚ್ಯಾಳ!"

ಅಕ್ಕೋರು ಹಳ್ಳದ ಮೇಲ್ಭಾಗದ ಕಡೆ ನೋಡಿದರು. ಗಿಡಗಳು ಚೆಲ್ಲಿದಂತೆ ಮೇಲಕ್ಕೆ ಹೋಗಿ ಶಾಲೆಯ ಹಿತ್ತಲಲ್ಲಿ ಮುಗಿದಿದ್ದವು. ಅಲ್ಲಿ ಅವು ಸಾಲಾಗಿದ್ದವು. ನಾಲ್ಕು ವರ್ಷದ ಹಿಂದೆ ಬಿಜಾಪುರದ ಒಂದು ಬಂಗಲೆಯಿಂದ ಕಡ್ಡಿ ತಂದು ಅಕ್ಕೋರೇ ಶಾಲೆಗೆ ಹೂವಿನ ಬೇಲಿ ಹಚ್ಚಿಸಿದ್ದರು. ಪ್ರತಿವರ್ಷ ಕತ್ತರಿಸಿದ ಟೊಂಗೆಗಳನ್ನು ನಾವು ಹಳ್ಳಕ್ಕೇ ಎಸೆಯುತ್ತಿದ್ದೆವು. ಅವರ ಮುಖ ಬಿಳಿಚಿತು. ನನಗೂ ತಿಳಿಯಿತು. ಅವರ ಕೈ ಹಿಡಿದು ಮೆಲ್ಲಗೆ, "ಹಳ್ಳದಾಗ ತಾನ ಹುಟ್ಟೇತಿ ಅನ್ರಿ ಅಕ್ಕಾರ, ಸಾಕು. ಕೊಡಲಿ ನೋಡ್ರಿ" ಎಂದೆ.

ಅವರು ಕೈ ಬಿಡಿಸಿಕೊಂಡರು.

"ಗಂಗವ್ವ ಅಲ್ಲ. ನಾನು ಹಚ್ಚೀನಿ. ಸಾಲಿ ಬೇಲಿಗೆ ತಂದು ನಾನ ಹಚ್ಚೀನಿ. ಗೊತ್ತಿದ್ದಿಲ್ಲ ಬೀರಪ್ಪ, ಆದ್ರ ತಪ್ಪು ನಂದು."

ಬೀರಪ್ಪ ಒಂದು ಹೆಜ್ಜೆ ಮುಂದೆ ಬಂದ. ಅಕ್ಕೋರು ಅಲುಗಲಿಲ್ಲ. ಕೊನೆಗೆ ಅವನು ಪಕ್ಕಕ್ಕೆ ತಿರುಗಿ ಆ ಗಿಡದ ಬುಡಕ್ಕೇ ಕೊಡಲಿ ಹಾಕಿದ, ಹಾಕುತ್ತಲೇ ಹೋದ. ಗಂಗವ್ವ ಸೆರಗು ಸರಿಪಡಿಸಿಕೊಂಡು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದಳು.

ಮರುದಿನದಿಂದ ಅಕ್ಕೋರು ಶಾಲೆ ಬಿಟ್ಟ ಮೇಲೆ ಹಳ್ಳಕ್ಕಿಳಿದು ಗಿಡ ಕೀಳತೊಡಗಿದರು. ಬೇರಿನ ಚೂರೂ ಉಳಿಯದಂತೆ ಅಗೆದು, ಬಂಡೆಯ ಮೇಲೆ ಒಣಗಿಸಿ ಸುಡುತ್ತಿದ್ದರು. ಮೂರನೆಯ ದಿನ ಗಂಗವ್ವ ಗುದ್ದಲಿ ಹಿಡಿದು ಬಂದು, ಪಕ್ಕದಲ್ಲಿ ಅಗೆಯತೊಡಗಿದಳು. ಕಟ್ಟಿಹಾಕಿ ಕಣಿಕೆ ತಿನ್ನಿಸಿದ ಆಡುಗಳಲ್ಲಿ ಅರ್ಧದಷ್ಟು ಚೇತರಿಸಿಕೊಂಡವು. ಆದರೆ ಊರಲ್ಲಿ ಅಕ್ಕೋರನ್ನು ಕಂಡರೆ ಕೆಲವರು ಮುಖ ತಿರುಗಿಸುತ್ತಿದ್ದರು. ಮಳೆಗಾಲಕ್ಕೆ ಅವರಿಗೆ ಬಬಲೇಶ್ವರಕ್ಕೆ ವರ್ಗವಾಯಿತು. ಆದೇಶದಲ್ಲಿ ಕಾರಣ ಬರೆದಿರಲಿಲ್ಲ.

ಮೂರು ವರ್ಷದ ನಂತರ ಪರೀಕ್ಷೆ ಕೆಲಸಕ್ಕೆಂದು ಬಬಲೇಶ್ವರಕ್ಕೆ ಹೋದಾಗ ಅವರನ್ನು ಕಂಡೆ. ಬಹಳ ಸೊರಗಿದ್ದರು, ಮಾತಿನ ನಡುವೆ ದಮ್ಮು ಹತ್ತುತ್ತಿತ್ತು. ಚಹಾ ಕೊಟ್ಟು, ಎದುರಿಗೆ ಕೂತು ಕೇಳಿದರು. "ಹಳ್ಳದಾಗ ಆ ಗಿಡ ಇನ್ನೂ ಅದಾವೇನು?"

"ಇಲ್ರಿ ಅಕ್ಕಾರ, ಒಂದೂ ಉಳಿದಿಲ್ಲ" ಎಂದೆ.

"ಚಲೋ ಆತು ಬಿಡು" ಎಂದು ಅವರು ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದರು.

ಮರುದಿನ ತಿಕೋಟಾಕ್ಕೆ ಹೋಗುವಾಗ ಬಸ್ಸು ಹಳ್ಳ ದಾಟಿತು. ಎರಡೂ ದಂಡೆಗೆ ನಾನು ದಿನಾ ಕಾಣುವ ಅದೇ ನೇರಳೆ ಹೂವು ತುಂಬಿತ್ತು. ಮತ್ತೊಮ್ಮೆ ಹೋಗಿ ನಿಜ ಹೇಳಬೇಕೆಂದುಕೊಂಡೆ. ಹೋಗುವುದರೊಳಗೆ ಅವರು ತೀರಿಕೊಂಡಿದ್ದರು.