ಮಣ್ಣಿನ ಮಾಳಿಗೆಯ ಪರವಾಗಿ

1974ರ ಮೇ 11, ಶನಿವಾರ. ಆಧಾರ: ನನ್ನ ದಿನಚರಿ, ವಾರವನ್ನು ಆ ವರ್ಷದ ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಆ ಪುಟದಲ್ಲಿರುವುದು ಎರಡೇ ವಾಕ್ಯ: ‘ವಿಪರೀತ ಬಿಸಿಲು. ವಾಚನಾಲಯದ ಸಭೆ.’ ಉಳಿದುದೆಲ್ಲ ನೆನಪು. ನೆನಪನ್ನು ದಾಖಲೆಯೆಂದು ನಂಬಿದ ವಿದ್ಯಾರ್ಥಿಗಳ ಅಂಕ ಕಳೆದವನು ನಾನು. ಇಂದು ನೀವು ನನಗೆ ಸ್ವಲ್ಪ ರಿಯಾಯಿತಿ ತೋರಬೇಕು. ನಾನು ಕುಳಿತಿರುವ ಕೋಣೆಯ ಕಾಂಕ್ರೀಟು ಛಾವಣಿ ಕಾದ ಹಂಚಿನಂತಿದೆ. ಅದಕ್ಕೇ ಆ ಪುಟ ತೆರೆದೆ.

ಸಿಂದಗಿ ತಾಲೂಕಿನ ನಮ್ಮೂರ ವಾಚನಾಲಯಕ್ಕೆ ಎರಡು ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ, ಬೇವಿನ ತೊಲೆ, ಮೇಲೆ ಮಣ್ಣಿನ ಮಾಳಿಗೆ, ಅಂದರೆ ಮಣ್ಣು ತುಳಿದ ಚಪ್ಪಟೆ ಛಾವಣಿ, ಅದರ ನಡುವೆ ಒಂದು ಬೆಳಕಿಂಡಿ. ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯಬೇಕಿತ್ತು, ಸೋಮಾರಿಗಳಾದರೆ ಸೋರುತ್ತಿತ್ತು. ಒಮ್ಮೆ ನನ್ನ ಹೆಗಲ ಮೇಲೆ ಚೇಳು ಬಿದ್ದು, ಇತಿಹಾಸ ಕಲಿಸುವ ಈ ಮಾಸ್ತರರು ಪತ್ರಿಕೆ ಎಸೆದು ಓಡಿದ್ದನ್ನು ಊರೇ ನೋಡಿತ್ತು. ಇದನ್ನು ಮರೆಮಾಚಿ ವಾದಿಸಲಾರೆ. ಆದರೆ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಹಸಿ ಗಡಿಗೆಯೊಳಗೆ ಇಳಿದಂತೆ ತಂಪು.

ಅದನ್ನು ಕೆಡವಿ ಸ್ಲ್ಯಾಬ್ ಹಾಕಬೇಕೆಂದು ಇಂಜಿನಿಯರರು ಬಂದರು. ನಕಾಶೆ ಸಿದ್ಧವಾಗಿಯೇ ಬಂದಿತ್ತು: ತೆಳುಗೋಡೆ, ಪಡುವಣಕ್ಕೆ ಅಗಲವಾದ ಗಾಜಿನ ಕಿಟಕಿ. ಇಂಡಿಗೂ ಮುದ್ದೇಬಿಹಾಳಕ್ಕೂ ಬಾಗೇವಾಡಿಗೂ ಇದೊಂದೇ ನಡೆಯುತ್ತದೆಂದು ಹೆಮ್ಮೆಯಿಂದ ಹೇಳಿದರು. ಅಳತೆ ತಿದ್ದಲು ಮಾತ್ರ ಬೇರೆಲ್ಲೂ ಕೂರಲಾಗದೆ ವಾಚನಾಲಯದ ನೆಲದಲ್ಲೇ ಕಾಗದ ಹರಡಿದರು. ಬಾಗಿಲಲ್ಲಿ ನಿಂತಿದ್ದ, ಊರ ಗೋಡೆಗಳನ್ನು ಕಟ್ಟುವ ಗೌಂಡಿ ಇಮಾಮಸಾಬ ಬಿಡಲಿಲ್ಲ.

“ಸಾಹೇಬ್ರ, ಹೊಸಾ ಕಟ್ಟಡದ ನಕಾಶಿ ತಿದ್ದಾಕ ಹಳೀ ಕಟ್ಟಡದ ನೆಳ್ಳ ಬೇಕಾತೇನ್ರಿ?”

“ಸುಮ್ನಿರಪಾ ಗೌಂಡಿ. ಹತ್ತು ವರ್ಷ ತಡಿ, ಮಣ್ಣಿನ ಮಾಳಿಗಿ ನೋಡಾಕ ಮಂದಿ ಟಿಕೀಟ್ ತಗೀತಾರ.”

“ತಗೀಲೇಳ್ರಿ. ನಿಮ್ಮ ಸ್ಲ್ಯಾಬಿನ ಬುಡಕ ಮಂದಿನ್ನ ಕುಂದ್ರಸಾಕ ನೀವ ಕೈ ಹಿಡದು ಎಳೀಬೇಕಾಗ್ತೈತಿ.”

ಆಮೇಲೆ ನನ್ನನ್ನು ಹೊರಗೆ ಕರೆದ. ನಗು ಹೋಗಿತ್ತು. “ಮಾಸ್ತರ್ರ, ನಮ್ಮಪ್ಪ ಕಟ್ಟಿದ್ ಐತಿ ಇದು. ನಾ ಹೇಳಿದ್ರ ಯಾರ್ ಕೇಳ್ತಾರ್ರಿ? ನೀವು ಕಲತಾವ್ರು, ಸಭಾದಾಗ ಒಂದ್ ಮಾತ್ ಆಡ್ರಿ.” ಆಡುತ್ತೇನೆಂದೆ.

ಹಳೆಯದೆಂಬ ಕಾರಣಕ್ಕೆ ಹಳೆಯದನ್ನು ಪೂಜಿಸುವವನಲ್ಲ ನಾನು. ಬಿಜಾಪುರದ ಗುಮ್ಮಟ ಎತ್ತಿದವರೂ ಹಳ್ಳಿಯ ಮಾಳಿಗೆ ತುಳಿದವರೂ ಕಟ್ಟುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಂಡಿದ್ದರು: ಈ ಬಿಸಿಲಿನಲ್ಲಿ ಮನುಷ್ಯ ಎಲ್ಲಿ ಕೂರಬೇಕು? ಆಧುನಿಕ ವಾಸ್ತುಶಿಲ್ಪ ಆ ಪ್ರಶ್ನೆಯನ್ನೇ ಹಿಂದುಳಿದದ್ದೆಂದು ತಳ್ಳಿ, ಉತ್ತರವನ್ನು ಫ್ಯಾನಿಗೆ ವಹಿಸಿತು. ಕರೆಂಟು ಹೋದರೆ ಅದರ ಸಿದ್ಧಾಂತವೂ ಹೋಗುತ್ತದೆ. ಇದನ್ನು ಪ್ರಗತಿಯೆಂದು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಸಭೆಯಲ್ಲಿ ಎದ್ದು ನಿಂತು, “ಈ ಗೋಡೆಗೆ ನಮ್ಮ ಬಿಸಿಲು ಗೊತ್ತೈತಿ, ಆ ನಕಾಶಿಗೆ ಗೊತ್ತಿಲ್ಲ” ಎಂದೆ. ಎಲ್ಲರೂ ತಲೆ ತಗ್ಗಿಸಿದರು. ಆದರೂ ಸೋತೆ. ಮರುವರ್ಷದ ಬೇಸಿಗೆಯಲ್ಲಿ ಓದುಗರು ಪತ್ರಿಕೆ ಹಿಡಿದು ಹೊರಗಿನ ಬೇವಿನ ಮರದಡಿ ಕುಳಿತಿದ್ದರು. ಸ್ಲ್ಯಾಬಿನ ಮೇಲೆ ಯಾರೋ ಜೋಳದ ಕಣಿಕೆ, ಒಣ ದಂಟು, ಹೊದಿಸಿದ್ದರು. ಇಮಾಮಸಾಬ ನಿಂತು ನೋಡಿದ. “ಪುಸ್ತಕ ಒಳಗ ಬೇಯಾಕತ್ತಾವು, ಮಂದಿ ಹೊರಗ ಕುಂತಾರ.” ನನ್ನತ್ತ ತಿರುಗಲಿಲ್ಲ. ನಾನು ಸೋತದ್ದಕ್ಕೆ ಅವನಿಗೆ ಸಂಕೋಚವೆಂದುಕೊಂಡಿದ್ದೆ.

ಇಷ್ಟು ಬರೆದ ಮೇಲೆ, ಅಭ್ಯಾಸಬಲದಿಂದ, ಆ ಸಭೆಯ ನಡಾವಳಿಯ ಪ್ರತಿ ಬೇಕೆಂದು ಊರಿಗೆ ಕಾಗದ ಹಾಕಿದೆ. ಬಂದಿದೆ. ತಾರೀಖು ಸರಿಯಾಗಿದೆ. ಕೆಡವುವ ಠರಾವು ಸರ್ವಾನುಮತದಿಂದ ಮಂಜೂರು, ವಿರೋಧದ ಉಲ್ಲೇಖವಿಲ್ಲ. ಅನುಮೋದಕರ ಹೆಸರು ನನ್ನದು. ಸಹಿಯೂ ನನ್ನದೇ, ಭೂತಗನ್ನಡಿ ಹಿಡಿದು ಮೂರು ಸಲ ನೋಡಿದೆ.

ವಾದದಲ್ಲಿ ಏನನ್ನೂ ಹಿಂತೆಗೆದುಕೊಳ್ಳುವುದಿಲ್ಲ. ಕೆಡವಬೇಡಿರೆಂದವನ ವಾದವೆಂದು ಬರೆಯತೊಡಗಿದೆ. ಕೆಡವಿಸಿದವನ ವಾದವೆಂದು ಓದಿಕೊಳ್ಳಿ.