ಒಂಬತ್ತಕ್ಕೆ ಸರಿಯಾಗಿ ಬರುವ ಜಾಧವ

ಬೆಳಗಿನ ಆರು ಗಂಟೆ. ಮಸೂತಿ ಊರಿನ ಒಂದು ಹಿತ್ತಲಿನಲ್ಲಿ ನೆಟ್ ರಿಪೇರಿಯ ಸಗೀರಾ ಸ್ಟೂಲಿನ ಮೇಲೆ ನಿಂತು, ಎರಡು ಮನೆಗಳ ನಡುವಿನ ಗೋಡೆ ದಾಟಿ ಬಂದ ನೀಲಿ ವಯರನ್ನು ಬೆರಳಿನಿಂದ ಸವರಿ ನೋಡುತ್ತಿದ್ದಾರೆ. ಇಲಿ ಕಡಿದಿಲ್ಲ, ಮಂಗ ಎಳೆದಿಲ್ಲ, ಬ್ಲೇಡಿನ ಗುರುತೂ ಇಲ್ಲ. ಕೆಳಗೆ ಸ್ಟೂಲು ಹಿಡಿದು ನಿಂತ ಪ್ರಿಯದರ್ಶಿನಿಗೆ ಬೇಕಾಗಿರುವುದು ಮಾತ್ರ ಆ ಬ್ಲೇಡಿನ ಗುರುತೇ.

“ಸರಿಯಾಗಿ ನೋಡ್ರಿ ಅಕ್ಕಾರ. ಆ ಕಡೆಯವರ ಕೈವಾಡ ಇದ್ದ ಐತಿ.”

ಆ ಕಡೆಯವರೆಂದರೆ ಹೊರಗಿನವರಲ್ಲ, ನೆಗೆಣ್ಣಿ ಸಾವಿತ್ರವ್ವ. ಪ್ರಿಯದರ್ಶಿನಿಯ ಗಂಡ ದುಂಡೇಶನ ಅಣ್ಣ ಸಂಗಣ್ಣನ ಹೆಂಡತಿ. ಇಂಟರ್‌ನೆಟ್ ಬರುವುದು ಅಣ್ಣನ ಮನೆಯ ಕಂಪ್ಯೂಟರಿಗೆ. ಅಲ್ಲಿಂದ ಈ ವಯರು ಗೋಡೆ ಹಾರಿ ತಮ್ಮನ ಮನೆಗೆ. ಎಂಟು ದಿನದಿಂದ ಈ ಕಡೆ ನೆಟ್ ಇಲ್ಲ, ಆ ಕಡೆ ಮಾತ್ರ ಪ್ರವಚನ ಜೋರಾಗಿ ಕೇಳುತ್ತಿದೆ. ಪ್ರಿಯದರ್ಶಿನಿ ದಿನಾ ಒಂಬತ್ತಕ್ಕೆ ಲ್ಯಾಪ್‌ಟಾಪಿನ ಮುಂದೆ ಕೂತು ದೂರದೂರಿನ ಮಕ್ಕಳಿಗೆ ಗಣಿತ ಹೇಳಿಕೊಡುವವರು. ಮೊಬೈಲಿನ ನೆಟ್ ನಂಬಿ ಮಾಡಿದ ಪಾಠ ನಡುನಡುವೆ ನಿಂತು ಮಾನ ಹೋಗಿದೆ. ಇವತ್ತೂ ಹಾಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕೆಲಸ ಕೊಟ್ಟವರು ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ಉಳಿದಿರುವುದು ಮೂರು ತಾಸು.

ಸಗೀರಾ ಬಸವನ ಬಾಗೇವಾಡಿಯವರು, ವಯಸ್ಸು ನಲವತ್ತೊಂದು. ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತು ಬೆಳೆದ ಕೈ. ಹನ್ನೊಂದು ವರ್ಷದಿಂದ ಸ್ಕೂಟರಿನ ಮೇಲೆ ಮನೆಮನೆಯ ನೆಟ್ ಸರಿಮಾಡುತ್ತಾರೆ. ದಿನಕ್ಕೆ ಆರೇಳು ಮನೆ. ಒಂದು ದಿನ ಮುದ್ದೇಬಿಹಾಳದ ಕಡೆ, ಇನ್ನೊಂದು ದಿನ ದೇವರ ಹಿಪ್ಪರಗಿ, ದೊಡ್ಡ ಕೆಲಸವಿದ್ದರೆ ಝಳಕಿಯವರೆಗೂ ಸವಾರಿ. ಮೊದಮೊದಲು ಹೆಂಗಸು ಮಾಳಿಗೆ ಹತ್ತುವುದೇ ಊರಿಗೆ ತಮಾಷೆಯಾಗಿತ್ತು. ಈಗ ತಮಾಷೆ ಹೋಗಿದೆ, ಸಂಶಯ ಹಾಗೇ ಉಳಿದಿದೆ. ಈಕೆ ನಮ್ಮ ಫೋಟೋ ನೋಡುತ್ತಾಳಾ, ಪಾಸ್‌ವರ್ಡ್ ಕದಿಯುತ್ತಾಳಾ ಎಂದು ಬೆನ್ನ ಹಿಂದೆಯೇ ನಿಲ್ಲುವ ಜನ. ಅದಕ್ಕೇ ಅವರದೊಂದು ಕಟ್ಟುನಿಟ್ಟು: ಮನೆಯವರು ಪಕ್ಕದಲ್ಲಿ ಕೂಡದೆ ಕಂಪ್ಯೂಟರ್ ಮುಟ್ಟುವುದಿಲ್ಲ.

“ನನ್ನ ಮ್ಯಾಲೆ ಸಂಶಯ ಬಂದ್ರ ಬರಲಿರಿ. ನನಗೂ ಯಾರ ಮಾತೂ ನಂಬಿಕಿ ಬರಂಗಿಲ್ಲ. ವಯರ್ ನೋಡ್ತೇನಿ, ಲೈಟ್ ನೋಡ್ತೇನಿ, ಆಮ್ಯಾಲೆ ಮಂದಿ ಮಾತು,” ಎನ್ನುತ್ತಾರೆ.

ವಯರು ನೆಟ್ಟಗಿದೆ ಎಂದಮೇಲೆ ಸವಾರಿ ಆ ಕಡೆಯ ಮನೆಗೆ. ಸಂಗಣ್ಣ ಆಗಲೇ ಹೊಲಕ್ಕೆ ಹೋಗಿದ್ದಾರೆ. ಸಾವಿತ್ರವ್ವ ಕೂಡ್ರಿ ಎನ್ನುತ್ತಾರೆ, ಚಹಾ ಇಡುತ್ತಾರೆ, ಆದರೆ ಮುಖ ಕೊಟ್ಟು ಮಾತಾಡುವುದಿಲ್ಲ. ಕರೆದು ಪಕ್ಕದಲ್ಲಿ ಕೂಡಿಸಿಕೊಂಡರೆ ಕುರ್ಚಿಯ ತುದಿಗೆ ಕೂತು ಸೆರಗು ಹಿಂಡುತ್ತಾರೆ. ಏನೋ ಇದೆ ಎಂದು ಸಗೀರಾಗೆ ಅಲ್ಲಿಗೇ ಅನುಮಾನ.

ಕಂಪ್ಯೂಟರಿನೊಳಗೆ ಹೊರಗಿನವರನ್ನು ತಡೆಯುವ ಕಾವಲು ಒಂದಿರುತ್ತದೆ, ಫೈರ್‌ವಾಲ್ ಅಂತ. ಇಲ್ಲಿ ಎರಡಿವೆ. ಊರಲ್ಲಿ ಯಾರಿಗೋ ಮೋಸದ ಫೋನ್ ಬಂತೆಂದು ಹೆದರಿ ಸಂಗಣ್ಣ ಹೋದ ತಿಂಗಳು ಇನ್ನೊಂದನ್ನು ಹಾಕಿಸಿದ್ದಾರೆ. ಒಂದು ಬಿಟ್ಟಿದ್ದನ್ನು ಇನ್ನೊಂದು ಹಿಡಿಯುತ್ತದೆ, ಎರಡರ ಜಗಳದಲ್ಲಿ ನೆಟ್ ಬಡವಾಗುತ್ತದೆ. ಇಂಥಲ್ಲಿ ಎರಡನ್ನೂ ಬಂದ್ ಮಾಡಿ ಕೈತೊಳೆದುಕೊಳ್ಳುವ ರಿಪೇರಿಯವರೂ ಇದ್ದಾರೆ. ಸಗೀರಾ ಹಾಗೆ ಮಾಡುವವರಲ್ಲ. ಹಳೆಯದನ್ನು ಮಲಗಿಸಿ, ಹೊಸದನ್ನು ಉಳಿಸಿಕೊಂಡು, ಅದು ಯಾರ್‍ಯಾರನ್ನು ತಡೆದಿದೆ ಎಂಬ ಪಟ್ಟಿ ತೆಗೆಯುತ್ತಾರೆ.

ಪಟ್ಟಿಯಲ್ಲಿ ಹೆಸರಿಲ್ಲ, ಬರೀ ಅಂಕಿಗಳು. ಆದರೆ ಹೊತ್ತು ಇದೆ. ಎಂಟು ದಿನ, ಎಂಟು ಸಲ, ಪ್ರತಿ ಸಲವೂ ಒಂಬತ್ತರ ಆಸುಪಾಸು. ತಡೆದದ್ದು ಕಾವಲು ತಾನಾಗಿಯೇ ಅಲ್ಲ, ಕೂತವರು ಗುಂಡಿ ಒತ್ತಿದ್ದಾರೆ. ಆ ಹೊತ್ತಿಗೆ ಈ ಕುರ್ಚಿಯಲ್ಲಿ ಪ್ರವಚನ ಹಚ್ಚಿಕೊಂಡು ಕೂಡುವವರು ಸಾವಿತ್ರವ್ವ ಒಬ್ಬರೇ.

ಸಿಕ್ಕಿಬಿದ್ದಳಲ್ಲ ಎಂದು ಸಗೀರಾರ ಮನಸ್ಸು ಅಂದುಬಿಡುತ್ತದೆ. ಪ್ರಿಯದರ್ಶಿನಿ ಹೇಳಿದ್ದು ನಿಜವಾಯಿತು, ಗೋಡೆಯಾಚೆ ಒಂದು ಕೂಗು ಹಾಕಿದರೆ ಕೆಲಸ ಮುಗಿಯಿತು. ಆದರೆ ಕೂಗುವ ಮೊದಲೇ ಇನ್ನೊಂದು ಸಂಶಯ ಅಡ್ಡ ಬರುತ್ತದೆ. ಈ ಕಂಪ್ಯೂಟರ್ ಚಾಲೂ ಇದ್ದರಷ್ಟೇ ಆ ಮನೆಗೆ ನೆಟ್. ನೆಗೆಣ್ಣಿಯ ಪಾಠಕ್ಕೆ ತಡವಾಗಬಾರದೆಂದು ದಿನಾ ಎಂಟೂವರೆಗೇ ಸ್ವಿಚ್ ಹಾಕುವವರೂ ಈ ಸಾವಿತ್ರವ್ವನೇ. ಕೆಡಿಸುವ ಮನಸ್ಸಿದ್ದವಳು ಸ್ವಿಚ್ಚೇ ಹಾಕುತ್ತಿರಲಿಲ್ಲ. ಹಾಕಿ, ಮತ್ತೆ ತಡೆಯುವುದು ಯಾವ ಲೆಕ್ಕ?

ಸಗೀರಾ ಬಾಯಿ ಬಿಡುವುದಿಲ್ಲ. ಲ್ಯಾಪ್‌ಟಾಪ್ ಚಾಲೂ ಮಾಡಲು ಆ ಕಡೆಗೆ ಕೂಗಿ ಹೇಳುತ್ತಾರೆ, ಅಷ್ಟೇ. ಅರೆಗಳಿಗೆಯಲ್ಲಿ ಪರದೆಯ ಮೂಲೆಯಲ್ಲಿ ಒಂದು ಚೌಕ ಏಳುತ್ತದೆ: ಜಾಧವ ಎಂಬ ಹೆಸರಿನ ಕಂಪ್ಯೂಟರ್ ಒಳಗೆ ಬರಲು ಕೇಳುತ್ತಿದೆ, ಬಿಡಬೇಕೋ ತಡೆಯಬೇಕೋ?

ಸಾವಿತ್ರವ್ವ ಸಗೀರಾರ ಮುಂಗೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬರುತ್ತಾರೆ. ದನಿ ಪಾತಾಳಕ್ಕೆ ಇಳಿದಿದೆ.

“ತಂಗಿ, ಯಾರಿಗೂ ಹೇಳಬ್ಯಾಡ. ಯಾವನೋ ಜಾಧವ ಅನ್ನಾಂವ. ಮೈದುನ ಹೊರಗ ಹೋದ ಮ್ಯಾಲೆ ದಿನಾ ಒಂಬತ್ತಕ್ಕ ಆ ಮನ್ಯಾಗಿಂದ ಬರ್ತಾನ. ನಾ ಗಂಡನ ಮುಂದೂ ಬಾಯಿ ಬಿಟ್ಟಿಲ್ಲ. ಮನಿ ಮರ್ಯಾದಿ ಪ್ರಶ್ನೆ.”

ಅಯ್ಯೋ ದೇವರೇ! ಎಂಟು ದಿನದ ಹಿಂದೆ ಪ್ರಿಯದರ್ಶಿನಿಯ ಹಳೇ ಲ್ಯಾಪ್‌ಟಾಪ್ ಕೆಟ್ಟಾಗ ದುಂಡೇಶ ಸೋಲಾಪುರಕ್ಕೆ ಹೋಗಿ ಯಾರೋ ಬಳಸಿದ್ದೊಂದನ್ನು ಕೊಂಡು ತಂದಿದ್ದರು. ಮಾರಿದವರು ಯಂತ್ರ ಕೊಟ್ಟರು, ಅದರೊಳಗಿದ್ದ ತಮ್ಮ ಹೆಸರು ತೆಗೆಯುವುದನ್ನು ಮರೆತರು. ಆ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ ಸಾವಿತ್ರವ್ವನಿಗೆ ಕಂಡದ್ದು ಯಂತ್ರವಲ್ಲ, ಒಬ್ಬ ಗಂಡಸು.

ಸಗೀರಾ ಗೋಡೆಯಾಚೆ ಹೋಗಿ ಲ್ಯಾಪ್‌ಟಾಪಿನ ಹೆಸರು ಬದಲಿಸಿ ಬರುತ್ತಾರೆ. ಚೌಕ ಮತ್ತೆ ಏಳುತ್ತದೆ, ಈಗ ಅದರಲ್ಲಿ ಪ್ರಿಯದರ್ಶಿನಿ ಎಂದಿದೆ. ಬಿಡು ಎಂಬ ಗುಂಡಿಯನ್ನು ಸಾವಿತ್ರವ್ವನ ಕೈಯಿಂದಲೇ ಒತ್ತಿಸುತ್ತಾರೆ.

ಒಂಬತ್ತಕ್ಕೆ ಪಾಠ ಶುರು. ಮುಂದಿನ ರಿಪೇರಿಗೆ ಸಿಂದಗಿಯಿಂದ ಎರಡು ಸಲ ಫೋನ್ ಬಂದರೂ ಸಗೀರಾ ಕಟ್ಟೆ ಬಿಟ್ಟು ಏಳುವುದಿಲ್ಲ. ಮುಕ್ಕಾಲು ತಾಸಿನ ಪಾಠ ಎಲ್ಲೂ ಕಡಿಯದೆ ಮುಗಿಯುತ್ತದೆ. ನಾಳೆಯೂ ಬರ್ರಿ ಎಂದರಂತೆ ಕೆಲಸ ಕೊಟ್ಟವರು. ಅದನ್ನು ಹೇಳುತ್ತಲೇ ಹೊರಬಂದ ಪ್ರಿಯದರ್ಶಿನಿಯ ಮರುಪ್ರಶ್ನೆ ಒಂದೇ: ಬಂದ್ ಮಾಡಿದ್ದು ಯಾರು?

ಸಾವಿತ್ರವ್ವ ತಮ್ಮ ಬಾಗಿಲಲ್ಲೇ ನಿಂತಿದ್ದಾರೆ. ಯಂತ್ರಕ್ಕೆ ಹಳೇ ಮಾಲೀಕರ ಹೆಸರಿತ್ತು, ಗುರುತು ಹತ್ತಲಿಲ್ಲ, ತಿದ್ದಿದ್ದೇನೆ ಎಂದಷ್ಟೇ ಸಗೀರಾ ಹೇಳುತ್ತಾರೆ. ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ.

“ಬಂದ್ ಮಾಡಿದಾಕಿ ನಾನ,” ಎನ್ನುತ್ತ ಸಾವಿತ್ರವ್ವನೇ ಮುಂದೆ ಬರುತ್ತಾರೆ. ತಲೆ ತಗ್ಗಿಸಿ, ಜಾಧವನ ಸಂಗತಿಯನ್ನು ಏನೂ ಮುಚ್ಚಿಡದೆ ಹೇಳಿ ಮುಗಿಸುತ್ತಾರೆ.

ಪ್ರಿಯದರ್ಶಿನಿಯ ಮುಖ ಕೆಂಪಾಗುತ್ತದೆ. “ಎಂಟು ದಿನಾ! ನನ್ನ ಒಂದ ಮಾತ ಕೇಳಬಾರದಿತ್ತಾ ಅಕ್ಕಾ?”

“ಕೇಳಿ, ನೀ ಹೌದು ಅಂದಿದ್ರ ನಾ ಏನ್ ಮಾಡ್ತಿದ್ದೆ?”

ಪ್ರಿಯದರ್ಶಿನಿ ಅಲ್ಲೇ ಕಟ್ಟೆಯ ಮೇಲೆ ಕೂಡುತ್ತಾರೆ. ಒಳಗೆ ಹೋಗಿಬಿಡುವುದಿಲ್ಲ. ಜೊತೆಗಿದ್ದ ನನಗೆ ಇದನ್ನು ಬರೆಯಲು ಹೇಳಿದವರೂ ಸಾವಿತ್ರವ್ವನೇ. ನನ್ನಂಗ ಇನ್ನೊಬ್ಬಾಕಿ ಕೇಳದ ಗುಂಡಿ ಒತ್ತಬಾರದು ಎಂಬುದು ಅವರ ಮಾತು.

ಸಗೀರಾ ಸಿಂದಗಿಗೆ ಹೊರಡಲು ಸ್ಕೂಟರ್ ತಿರುಗಿಸುತ್ತಾರೆ. ಇವತ್ತಿನ ರಿಪೇರಿ ಏನು ಎಂದು ಕೇಳಿದರೆ ಸ್ಕೂಟರ್ ಬಂದ್ ಮಾಡಿ ಹೇಳುತ್ತಾರೆ.

“ಪಟ್ಟಿ ನೋಡಿದ ಕೂಡ್ಲೇ ಸಾವಿತ್ರವ್ವನ ಹೆಸರು ನನ್ನ ನಾಲಗಿ ಮ್ಯಾಲೆ ಬಂದಿತ್ತರಿ. ನುಂಗಿದೆ. ಇವತ್ತ ನಾ ಮಾಡಿದ ಕೆಲಸ ಅಂದ್ರ ಅದೊಂದ.”