ರಾಗಿ ಮುಗಿದರೆ ಮಬ್ಬಾಗುವ ಬಟನ್

ನಾನು ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕೊನೆ ವರ್ಷದ ಪ್ರಾಜೆಕ್ಟುಗಳಲ್ಲಿ ಎರಡೇ ಜಾತಿ: ಲೈಬ್ರರಿ ಮ್ಯಾನೇಜ್‌ಮೆಂಟು, ಇಲ್ಲವೇ ಆಸ್ಪತ್ರೆ ಮ್ಯಾನೇಜ್‌ಮೆಂಟು. ಹೋದ ವರ್ಷದವರ ಸೀಡಿ ತಂದು, ಹೆಸರು ಬದಲಿಸಿ, ರೆಕ್ಸಿನ್ ರಟ್ಟು ಹಾಕಿಸಿ ಒಪ್ಪಿಸಿದರೆ ದೇಶಕ್ಕೆ ಇನ್ನೊಬ್ಬ ಇಂಜಿನಿಯರ್ ಸಿಕ್ಕಂತೆ. ನನಗೂ ನನ್ನ ಗೆಳತಿಗೂ ಅದೇನು ಬಡಿದಿತ್ತೋ, ಕಂಪ್ಯೂಟರ್ ಆಟ ಮಾಡುತ್ತೇವೆ ಎಂದು ಬರೆದುಕೊಟ್ಟುಬಿಟ್ಟೆವು.

ಆಡುವವನು ಒಬ್ಬ ಪಾಳೇಗಾರ. ರಾಗಿ ಬೆಳೆಸಬೇಕು, ಕೆರೆ ಕಟ್ಟಿಸಬೇಕು, ಕೋಟೆ ಎಬ್ಬಿಸಬೇಕು, ಪಕ್ಕದ ಪಾಳೇಗಾರನ ಮೇಲೆ ದಂಡು ಕಳಿಸಬೇಕು. ಚಿತ್ರಗಳೆಲ್ಲ ಗೆಳತಿಯವು. ಕುಣಿಗಲ್ ಕಡೆಯ ಅಮೃತೂರಿನ ತೆಂಗಿನ ಸೀಮೆಯವಳಾದ್ದರಿಂದ ಕೋಟೆಗಿಂತ ತೆಂಗಿನಮರಗಳೇ ಚೆನ್ನಾಗಿ ಬಂದಿದ್ದವು. ಅವಳ ಸೈನಿಕರು ಕೂಡ ಯುದ್ಧಕ್ಕಲ್ಲ, ತೋಟ ಕಾಯಲು ಬಂದವರ ಹಾಗೆ ನಿಂತಿರುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಪರದೆಯ ಕೆಳಗಿನ ಬಟನ್ನುಗಳು.

ರೈತನನ್ನು ಆರಿಸಿದರೆ 'ಬಿತ್ತು', 'ಕೆರೆ ಕಟ್ಟು', 'ಕೋಟೆ ಕಟ್ಟು'. ಸೈನಿಕನನ್ನು ಆರಿಸಿದರೆ ಅದೇ ಜಾಗದಲ್ಲಿ 'ನಡೆ', 'ನಿಲ್ಲು', 'ಹೊಡೆ'. ಕಣಜದಲ್ಲಿ ರಾಗಿ ಸಾಲದಿದ್ದರೆ 'ಕೋಟೆ ಕಟ್ಟು' ಮಬ್ಬಾಗಿ ಕೂತಿರುತ್ತದೆ, ಒತ್ತಿದರೂ ಜಪ್ಪಯ್ಯ ಅನ್ನುವುದಿಲ್ಲ. ರಾಗಿ ತುಂಬಿದ ಕೂಡಲೇ ತಾನಾಗಿ ಬೆಳಗುತ್ತದೆ, ಖರ್ಚಾದ ಕೂಡಲೇ ಮತ್ತೆ ಮಬ್ಬು. ಕೇಳುವುದಕ್ಕೆ ಸುಲಭ. ಮೊದಮೊದಲು ಕಣಜ ಬರಿದಾದರೂ ನನ್ನ ಬಟನ್ ಬೆಳಗೇ ಇರುತ್ತಿತ್ತು. ಮೌಸ್ ಅದರ ಮೇಲೆ ಹೋದಾಗ ಮಾತ್ರ ಈಗ ನೆನಪಾಯಿತು ಎಂಬಂತೆ ಆರುತ್ತಿತ್ತು. ನಮ್ಮೂರು ಗುಬ್ಬಿಯಿಂದ ದಿನವೂ ಪ್ಯಾಸೆಂಜರ್ ರೈಲಿನಲ್ಲಿ ಓಡಾಡುತ್ತಿದ್ದೆ, ದಾರಿಯುದ್ದಕ್ಕೂ ಇದೇ ತಲೆನೋವು. ಬಟನ್ನು ಕಣಜವನ್ನು ಹೋಗಿ ಕೇಳುವುದಲ್ಲ, ರಾಗಿಯ ಲೆಕ್ಕ ಬದಲಾದಾಗಲೆಲ್ಲ ಕಣಜವೇ ಬಟನ್ನಿಗೆ ಸುದ್ದಿ ಮುಟ್ಟಿಸಬೇಕು ಎಂದು ಹೊಳೆದದ್ದೂ ರೈಲಿನಲ್ಲೇ. ಲ್ಯಾಬಿಗೆ ಓಡಿಹೋಗಿ ಬರೆದೆ. ಬಟನ್ ಮಾತು ಕೇಳಿತು. ನಾಲ್ಕು ವರ್ಷದ ಓದಿನಲ್ಲಿ ಯಾರ ಸೀಡಿಯಿಂದಲೂ ತಾರದೆ ನಾನೇ ಮಾಡಿದ್ದು ಅದೊಂದೇ. ಅದು ನನ್ನದು ಅಂತ ನಾಲ್ಕು ಜನಕ್ಕೆ ಗೊತ್ತಾಗಬೇಕೆಂದು ಆಸೆಪಟ್ಟೆ.

ವೈವಾಕ್ಕೆ ಹೊರಗಿನ ಪರೀಕ್ಷಕರು, ಅಂದರೆ ಎಕ್ಸ್‌ಟರ್ನಲ್ಲು, ಬರುವ ಮುಂಚೆ ನಮ್ಮ ಪ್ರಾಜೆಕ್ಟ್ ಗೈಡ್ ಆಟ ನೋಡಲು ಬಂದರು. ವಿಭಾಗದ ಮುಖ್ಯಸ್ಥರೂ ಅವರೇ. ಚಪ್ಪಲಿ ಮೆಟ್ಟಿಕೊಂಡು ಲ್ಯಾಬಿಗೆ ಬಂದರೆ ಕಂಪ್ಯೂಟರಿಗೆ ವೈರಸ್ ಹತ್ತುತ್ತದೆ ಎಂದು ನಂಬಿದ್ದ ವಿದ್ವಾಂಸರು. ಇಡೀ ವರ್ಷದಲ್ಲಿ ನಮ್ಮ ಆಟವನ್ನು ಅವರು ಕಣ್ಣಿಂದ ನೋಡಿದ್ದು ಅದೇ ಮೊದಲು.

"ಏನಮ್ಮಾ ಇದು, ಅರ್ಧಕ್ಕರ್ಧ ಬಟನ್ ಕೆಟ್ಟೋಗಿವೆ?"

"ಕೆಟ್ಟಿಲ್ಲ ಸಾರ್. ರಾಗಿ ಇಲ್ಲ, ಅದಕ್ಕೆ ಮಬ್ಬಾಗಿವೆ. ರಾಗಿ ಬಂದ್ರೆ ತಾವೇ ಬೆಳಗ್ತವೆ."

"ನಿನ್ನ ರಾಗಿ ಬರೋವರ್ಗೂ ಎಕ್ಸ್‌ಟರ್ನಲ್ಲು ಕಾಯ್ತಾ ಕೂತಿರ್ತಾರಾ? ಪ್ರಾಜೆಕ್ಟ್ ಅರ್ಧಂಬರ್ಧ ಅಂತ ಬರೆದು ಹೋಗ್ತಾರೆ. ಎಲ್ಲಾ ಬೆಳಗ್ಸು."

"ಮಬ್ಬಾಗೋದೇ ಅದರ ಕೆಲಸ ಸಾರ್."

"ಇಂಟರ್ನಲ್ ಮಾರ್ಕ್ಸ್ ಇನ್ನೂ ಹಾಕಿಲ್ಲ ನಾನು. ಗೊತ್ತಲ್ಲ?"

ಗೆಳತಿ ನನ್ನ ಕಾಲು ತುಳಿದಳು. ನಾನು ಕೀಬೋರ್ಡ್ ಎಳೆದುಕೊಂಡೆ. ಬಟನ್ನಿಗೆ ಸುದ್ದಿ ಮುಟ್ಟಿಸುವ ಪ್ರೋಗ್ರಾಮಿನ ಆ ಸಾಲನ್ನು ಅಳಿಸಲು ಮಾತ್ರ ಕೈ ಬರಲಿಲ್ಲ. ಅದು ಕೆಲಸ ಮಾಡದಂತೆ ತಡೆದು ಅಲ್ಲೇ ಬಿಟ್ಟೆ. ಮನೆಯಲ್ಲಿ ಹಿಡಿ ರಾಗಿ ಇಲ್ಲದ ಪಾಳೇಗಾರನ ಬಟನ್ನುಗಳು ಮದುವೆಮನೆಯ ಸೀರಿಯಲ್ ಸೆಟ್ ದೀಪಗಳಂತೆ ಝಗಮಗಿಸಿದವು. ಗೈಡ್ ನೋಡಿ, "ಈಗ ಲಕ್ಷಣವಾಗಿದೆ" ಅಂದರು.

ವೈವಾದ ದಿನ ಬೇರೆ ಊರಿನಿಂದ ಬಂದ ಎಕ್ಸ್‌ಟರ್ನಲ್ಲಿಗೆ ಗೋಡಂಬಿ, ಬಿಸ್ಕತ್ತು, ಎಳನೀರಿನ ಉಪಚಾರವೆಲ್ಲ ಆಯಿತು. ಆಮೇಲೆ ಅವರು ನಮ್ಮ ಕಂಪ್ಯೂಟರಿನ ಮುಂದೆ ಕೂತು, ಮೊದಲ ಏಟಿಗೇ 'ಕೋಟೆ ಕಟ್ಟು' ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು.

"ಕೆಲಸ ಮಾಡ್ತಿಲ್ವಲ್ಲ?"

"ರಾಗಿ ಇಲ್ಲ ಸಾರ್," ಎಂದು ಗೈಡ್ ಮುಂದೆ ಬಿದ್ದು ಹೇಳಿದರು.

"ಇಲ್ಲ ಅಂದ್ಮೇಲೆ ಬಟನ್ ಯಾಕ್ರೀ ಬೆಳಗ್ತಿದೆ? ಮಬ್ಬಾಗಿರ್ಬೇಕು ತಾನೆ?"

ಎದ್ದು ಆ ಪುಣ್ಯಾತ್ಮನ ಕಾಲಿಗೆ ಬೀಳೋಣ ಅನ್ನಿಸಿತು. ಅಷ್ಟರಲ್ಲಿ ನಮ್ಮ ಗೈಡ್ ನನ್ನ ಕಡೆ ತಿರುಗಿದರು.

"ನೋಡಮ್ಮಾ! ಮಬ್ಬು ಮಾಡು, ಮಬ್ಬು ಮಾಡು ಅಂತ ನಾನು ಎಷ್ಟು ಬಡ್ಕೊಂಡೆ. ಕೇಳಿದ್ಯಾ?"

ಮುಖದ ಒಂದು ಗೆರೆಯೂ ಅಲುಗಲಿಲ್ಲ. ಅಂಥ ಸುಳ್ಳನ್ನು ಅಷ್ಟು ಸಲೀಸಾಗಿ ಹೇಳುವುದಕ್ಕೂ ಸರ್ವೀಸ್ ಆಗಿರಬೇಕು. ನನಗೆ ಮೈಯೆಲ್ಲ ಉರಿಯಿತು. "ಒಂದ್ನಿಮಿಷ ಸಾರ್" ಎಂದು ಎಕ್ಸ್‌ಟರ್ನಲ್ಲಿಗೆ ಹೇಳಿ, ತಡೆದಿಟ್ಟ ಸಾಲನ್ನು ಬಿಡಿಸಿ, ಆಟವನ್ನು ಮತ್ತೆ ಶುರುಮಾಡಿದೆ. ಬಟನ್ನುಗಳು ಮಬ್ಬಾದವು. ಬೆಳೆ ಬಂತು, ಕಣಜ ತುಂಬಿತು, 'ಕೋಟೆ ಕಟ್ಟು' ಬೆಳಗಿತು. ಎಕ್ಸ್‌ಟರ್ನಲ್ಲು ಒತ್ತಿದರು. ತೆಂಗಿನಮರಗಳ ನಡುವೆ ಕೋಟೆ ಎದ್ದಿತು, ಬಟನ್ ಆರಿತು. ಇನ್ನೊಂದು ಬೆಳೆಗೆ ಕಾದು ಕೂತು ಅವರು ಇನ್ನೊಂದು ಕೋಟೆಯನ್ನೂ ಕಟ್ಟಿಸಿದರು.

"ಚೆನ್ನಾಗಿದೆ. ಯಾರ ಐಡಿಯಾ ಇದು?"

"ಡಿಪಾರ್ಟ್‌ಮೆಂಟಲ್ಲಿ ನಾವೆಲ್ಲ ಕೂತು ಡಿಸ್ಕಸ್ ಮಾಡಿ ಸಾರ್..." ಎಂದು ಗೈಡ್ ಶುರುಮಾಡಿದರು.

ಗೆಳತಿಯ ಕಾಲು ಹುಡುಕಿಕೊಂಡು ಬಂತು. ನಾನು ನನ್ನ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ.

"ನಂದು ಸಾರ್. ಮೊದ್ಲಿಂದ ಹಿಂಗೇ ಇತ್ತು. ಎಲ್ಲಾ ಬೆಳಗ್ಸು ಅಂತ ಹೇಳಿದ್ದು ಇವ್ರು."

ಎಕ್ಸ್‌ಟರ್ನಲ್ಲು ಬಿಸ್ಕತ್ತಿನ ತಟ್ಟೆಯ ಕಡೆ ನೋಡಿದರು. ಗೈಡ್ ಗ್ರೂಪ್ ಫೋಟೋಗೆ ನಗುವ ಹಾಗೆ ನಕ್ಕು, "ಮಕ್ಕಳು, ಸಾರ್" ಅಂದರು.

ಅಂಕಪಟ್ಟಿ ಬಂತು. ಒಂದೇ ಪ್ರಾಜೆಕ್ಟು, ಒಂದೇ ರಟ್ಟು. ಗೆಳತಿಗೆ ಇಂಟರ್ನಲ್ಲಿನಲ್ಲಿ ಧಾರಾಳವಾಗಿ ಬಿದ್ದಿತ್ತು. ನನಗೆ ಪಾಸಾಗಲು ಬೇಕಾದಷ್ಟನ್ನು ಮಾತ್ರ ಅಳೆದು ಹಾಕಿದ್ದರು. ಫಸ್ಟ್ ಕ್ಲಾಸ್ ಕೈತಪ್ಪಿತು.

ಅವತ್ತು ಕುಣಿಗಲ್ ಬಸ್ಸಿಗೆ ಕಾಯುತ್ತಾ ನಿಂತಿದ್ದ ಗೆಳತಿ ನನಗೆ ಸರಿಯಾಗಿ ಬೈದಳು. "ಸುಮ್ಕಿದ್ದಿದ್ರೆ ನಿಂಗೂ ಬರ್ತಿತ್ತು ಕಣೇ. ಒಂದ್ ಬಟನ್‌ಗೋಸ್ಕರ ಕ್ಲಾಸ್ ಕಳ್ಕೊಂಡ್ಯಲ್ಲೇ!"

ಬಸ್‌ಸ್ಟ್ಯಾಂಡಿನಲ್ಲಿ, ಅಷ್ಟು ಜನರ ಎದುರಿಗೇ, ನಾನು ಅತ್ತುಬಿಟ್ಟೆ. ಅತ್ತು, ಮೂಗು ಒರೆಸಿಕೊಂಡು ಹೇಳಿದೆ: "ಕ್ಲಾಸ್ ಅವ್ರು ಕೊಡೋದು, ಅವ್ರೇ ಇಟ್ಕೊಳ್ಲಿ ಬುಡೇ. ಬಟನ್ ನಂದು."